ಎರಡನೇ ಒಲೆಯ ಅರ್ಜಿ

ಚೀಟಿ ಸಾಹೇಬರಿಗೆ ಆ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ. ಬಸ್ ಡಿಪೋದ ಉಗ್ರಾಣದಲ್ಲಿ ಹದಿನೆಂಟು ವರ್ಷದಿಂದ ಸ್ಟೋರ್‌ಕೀಪರ್ ಆಗಿರುವ ಅವರು ಚೀಟಿ ಇಲ್ಲದೆ ಯಾರಿಗೂ ಒಂದು ನಟ್ಟನ್ನು ಕೂಡ ಕೊಟ್ಟವರಲ್ಲ. ಒಮ್ಮೆ ಡಿಪೋದಲ್ಲಿ ಬಸ್ಸೊಂದಕ್ಕೆ ಬೆಂಕಿ ಹತ್ತಿಕೊಂಡಾಗ ಮರಳಿನ ಬಕೆಟ್ಟಿಗೆ ಓಡಿಬಂದ ಮೆಕ್ಯಾನಿಕ್ಕನ್ನೂ "ಚೀಟಿ ಎಲ್ಲಿ?" ಎಂದು ಕೇಳಿದರಂತೆ. ಸಾಹೇಬರು ಇದನ್ನು ಖಂಡಿತ ಒಪ್ಪುವುದಿಲ್ಲ. ಕೇಳಿದ್ದು ನಿಜ, ಆದರೆ ಬಕೆಟ್ ಕೊಟ್ಟ ಮೇಲೆ ಕೇಳಿದ್ದು ಎನ್ನುತ್ತಾರೆ.

ಹೀಗಿದ್ದವರಿಗೆ ಕೇಡುಗಾಲ ಬಂದದ್ದು ಒಂದು ಪ್ರಶಂಸಾಪತ್ರದ ರೂಪದಲ್ಲಿ. ಮುಖ್ಯ ಕಚೇರಿಯ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬಂದು, ಯಾರಿಗೂ ಬೇಡವಾದ ಒಂದು ಹಳೇ ಬಸ್ಸಿನ ಹಿಂದಿನ ಚಕ್ರದ ಯಾವುದೋ ಸ್ಪ್ರಿಂಗ್ ಕೇಳಿದರು. ಸಾಹೇಬರು ನಲವತ್ತು ಸೆಕೆಂಡಿನಲ್ಲಿ ತಂದು ಕೈಗಿಟ್ಟರು. ಅಧಿಕಾರಿ ಬೆರಗಾಗಿ ಗುಟ್ಟೇನು ಎಂದು ಕೇಳಿದಾಗ ಸಾಹೇಬರು ನೆಲದ ಮೇಲಿನ ಹಳದಿ ಗೆರೆ ತೋರಿಸಿದರು. ಗೆರೆಯ ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ. ಯಾರೂ ದಾಟುವ ಹಾಗಿಲ್ಲ. ಹದಿನೈದು ದಿನದಲ್ಲಿ ಪ್ರಶಂಸಾಪತ್ರ ಬಂತು, ಅದಕ್ಕೆ ಗಾಜಿನ ಚೌಕಟ್ಟು ಬಂತು, ನಡುಮನೆಯ ಗೋಡೆಗೆ ಮೊಳೆ ಬಂತು. ಅಂದಿನಿಂದ ಸಾಹೇಬರಿಗೆ ಲೋಕದಲ್ಲಿ ಎತ್ತ ನೋಡಿದರೂ ಅಸ್ತವ್ಯಸ್ತವೇ ಕಾಣತೊಡಗಿತು. ಲೋಕವನ್ನು ತಿದ್ದುವುದು ದೂರದ ಮಾತು, ಹತ್ತಿರದಲ್ಲಿ ಸಿಕ್ಕಿದ್ದು ಮನೆಯ ಅಡುಗೆಮನೆ.

ಆ ಅಡುಗೆಮನೆ ಎಂಟಡಿ ಉದ್ದ, ಆರಡಿ ಅಗಲ. ಅಮ್ಮ ಮತ್ತು ಹೆಂಡತಿ ಇಬ್ಬರೂ ಒಳಗಿದ್ದರೆ ಮೂರನೆಯದಾಗಿ ಹೋಗಬಲ್ಲದ್ದು ಗಾಳಿ ಮಾತ್ರ, ಅದೂ ಅಡ್ಡಡ್ಡವಾಗಿ ಹೋಗಬೇಕು. ಆದರೆ ಅತ್ತೆ ಸೊಸೆ ಹಾಲು ಸಕ್ಕರೆಯ ಹಾಗೆ ಇದ್ದರು. ಅತ್ತೆ ಕೈ ಚಾಚಿದರೆ ನೋಡದೆಯೇ ಸೊಸೆ ಸೌಟು ಇಡುತ್ತಿದ್ದಳು. ಅವರ ಮಾತಿಗೆ ಮೊದಲೂ ಇರಲಿಲ್ಲ, ಕೊನೆಯೂ ಇರಲಿಲ್ಲ, ನಡುನಡುವೆ ಪಾತ್ರೆ ಮುಚ್ಚಳಗಳು ಬೀಳುತ್ತಿದ್ದವು ಅಷ್ಟೆ.

ಈ ಒಗ್ಗಟ್ಟನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದವಳು ಊರಿನ ಆ ತುದಿಯಲ್ಲಿದ್ದ ಸಾಹೇಬರ ಅಕ್ಕ. ಅವಳ ಅಡುಗೆಮನೆಯಲ್ಲಿ ಚೆಂಡಾಟ ಆಡಬಹುದು, ಮಾತಾಡಲು ಮಾತ್ರ ಒಂದು ನರಪಿಳ್ಳೆ ಇಲ್ಲ. ಭಾವ ಇದ್ದರು, ಆದರೆ ಅವರು ಏನು ಬಡಿಸಿದರೂ "ಹೂಂ" ಎಂದು ತಿಂದು ಏಳುವವರು. ಆರು ವರ್ಷದಿಂದ ಅಕ್ಕನದು ಒಂದೇ ಪಟ್ಟು: "ಆ ಮನೇಲಿ ಅಮ್ಮನಿಗೆ ಒಂದು ದಿನ ತೊಂದ್ರೆ ಆಯ್ತು ಅಂತ ನನ್ನ ಕಿವಿಗೆ ಬೀಳ್ಲಿ, ಅವತ್ತೇ ಬಂದು ಕರ್ಕೊಂಡು ಹೋಗ್ತೀನಿ. ಆಮೇಲೆ ಬೇಡ ಅಂದ್ರೂ ಬಿಡೋಳಲ್ಲ." ಸಾಹೇಬರಿಗೆ ಈ ಮಾತು ಕೇಳಿದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ನಲವತ್ತಾರು ವರ್ಷ ವಯಸ್ಸಾಗಿದ್ದರೂ ಅಮ್ಮ ಇಲ್ಲದ ಮನೆಯಲ್ಲಿ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ. ಉಗ್ರಾಣದವರಿಗೆ ಇದು ಗೊತ್ತಾಗಬಾರದು ಎಂಬುದೊಂದೇ ಅವರ ಚಿಂತೆ.

ಒಂದು ಶನಿವಾರ ಬೆಳಿಗ್ಗೆ ಸಾಹೇಬರು ಗಡಿಯಾರ, ಪುಸ್ತಕ, ಪೆನ್ಸಿಲ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಒಂದು ಲೋಟ ಟೀ ಕೈಗೆ ಬರಲು ಹದಿನೇಳು ನಿಮಿಷ ಹಿಡಿಯಿತು.

"ಅಮ್ಮಾ, ಇದ್ರಲ್ಲಿ ಟೀ ಕುದ್ದಿದ್ದು ಬರೀ ನಾಲ್ಕು ನಿಮಿಷ. ಸೋಸೋ ಜಾಲರಿ ಹುಡುಕಿದ್ದು ಮೂರು ನಿಮಿಷ. ನೀನು ಆ ಕಡೆ ಸರಿ, ನೀವು ಈ ಕಡೆ ಸರೀರಿ ಅಂದಿದ್ದು ಎರಡು ನಿಮಿಷ. ಉಳಿದಿದ್ದು ಪೂರ್ತಿ ಮೇಲ್ಮನೆಯವರ ಸೋಫಾ ಬಗ್ಗೆ."

"ಆ ಸೋಫಾ ನೋಡಿದ್ರೆ ನೀನೂ ಮಾತಾಡ್ತಿದ್ದೆ ಕಣೋ," ಎಂದರು ಅಮ್ಮ.

"ಅರ್ಧ ಗಂಟೇಲಿ ನೀವಿಬ್ಬರೂ ಒಬ್ಬರಿಗೊಬ್ಬರು ಇಪ್ಪತ್ತೊಂದು ಸಲ ಡಿಕ್ಕಿ ಹೊಡೆದಿದ್ದೀರಿ!"

"ಹೌದಾ? ಒಂದು ಸಲಾನೂ ಪೆಟ್ಟಾಗಿಲ್ವಲ್ಲ," ಎಂದಳು ಹೆಂಡತಿ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಸಾಹೇಬರು ಆ ನಗುವಿಗೆ ಹಿಡಿದ ಸಮಯವನ್ನೂ ಬರೆದುಕೊಂಡರು.

ಮರುದಿನ ಭಾನುವಾರ ಅಮ್ಮನ ಹೊಸ ಕನ್ನಡಕ ತರಲು ಅತ್ತೆ ಸೊಸೆ ಪೇಟೆಗೆ ಹೋದರು. ಅವರು ಬೀದಿ ತಿರುಗುವುದನ್ನೇ ಕಾಯುತ್ತಿದ್ದ ಸಾಹೇಬರು ಮಂಚದ ಕೆಳಗಿನಿಂದ ಹಳದಿ ಬಣ್ಣದ ಡಬ್ಬಿ ಎಳೆದರು. ಡಿಪೋದಲ್ಲಿ ಉಳಿದುಹೋಗಿದ್ದ ಅರ್ಧ ಡಬ್ಬಿ ಅದು. ಅದಕ್ಕೂ ತಮಗೆ ತಾವೇ ಚೀಟಿ ಬರೆದು, ತಾವೇ ಎರಡು ದಿನ ಯೋಚಿಸಿ, ತಾವೇ ಮಂಜೂರು ಮಾಡಿದ್ದರು. ಬಾಗಿಲಿನಿಂದ ಕಿಟಕಿಯವರೆಗೆ ಅಡುಗೆಮನೆಯ ನಟ್ಟನಡುವೆ ಮೂರು ಬೆರಳಗಲದ ಗೆರೆ ಎಳೆದರು. ಚೆನ್ನಾಗಿ ಕಾಣಲಿ ಎಂದು ಇನ್ನೊಂದು ಕೋಟ್ ಹೊಡೆದರು. ಗೆರೆಯ ಎಡಕ್ಕೆ ಅಮ್ಮ: ಟೀ, ಹಾಲು, ಅನ್ನ. ಬಲಕ್ಕೆ ಹೆಂಡತಿ: ತರಕಾರಿ, ಹುರಿಯುವುದು, ಕರಿಯುವುದು. ತಟ್ಟೆ, ಲೋಟ, ಚಮಚಗಳನ್ನು ಎಣಿಸಿ ಸರಿಸಮ ಎರಡು ಗುಂಪು ಮಾಡಿದರು. ಒಂದೇ ಒಂದಿದ್ದ ಉಪ್ಪಿನ ಡಬ್ಬಿಯನ್ನು ಏನು ಮಾಡುವುದೆಂದು ತಿಳಿಯದೆ ಗೆರೆಯ ಮೇಲೇ ಇಟ್ಟರು.

ವಾಪಸು ಬಂದ ಅಮ್ಮ ಹೊಸ ಕನ್ನಡಕದಲ್ಲಿ ಮೊದಲು ನೋಡಿದ್ದು ಇದನ್ನೇ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೆರೆ ಅಲ್ಲೇ ಇತ್ತು.

"ಇದೇನೋ ಇದು?"

"ಇನ್ಮೇಲೆ ನೀನು ಆ ಕಡೆ ಹೋಗೋ ಹಾಗಿಲ್ಲ, ಅವಳು ಈ ಕಡೆ ಬರೋ ಹಾಗಿಲ್ಲ. ಏನಾದ್ರೂ ಬೇಕಾದ್ರೆ ಕೇಳಿ ಇಸ್ಕೊಬೇಕು. ದಿನಕ್ಕೆ ಒಂದೂಮುಕ್ಕಾಲು ಗಂಟೆ ಉಳಿಯುತ್ತೆ ಅಮ್ಮ."

"ಉಳಿದ ಒಂದೂಮುಕ್ಕಾಲು ಗಂಟೇಲಿ ನಾವೇನು ಮಾಡ್ಬೇಕು?"

ಈ ಪ್ರಶ್ನೆಯನ್ನು ಮುಖ್ಯ ಕಚೇರಿಯ ಅಧಿಕಾರಿ ಕೂಡ ಕೇಳಿರಲಿಲ್ಲ. ಸಾಹೇಬರು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡು ಹೊರಗೆ ಹೋದರು. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಪ್ರಶಂಸಾಪತ್ರದ ಜ್ವರ, ನಾಲ್ಕು ದಿನದಲ್ಲಿ ಇಳಿಯುತ್ತೆ, ಅಲ್ಲಿಯವರೆಗೆ ಹೂಂ ಅನ್ನೋಣ ಎಂದು ಕಣ್ಣಲ್ಲೇ ತೀರ್ಮಾನವಾಯಿತು. ಸಾಹೇಬರು ಮನೆಯಲ್ಲಿದ್ದಾಗ "ಆ ಕಡೆಯವರೇ, ಸ್ವಲ್ಪ ಸೌಟು ಕೊಡ್ತೀರಾ?" "ತಗೊಳ್ಳಿ ಈ ಕಡೆಯವರೇ, ತೊಳೆದು ವಾಪಸ್ ಕೊಡಿ," ಎಂದು ನಾಟಕ ನಡೆಯುತ್ತಿತ್ತು. ಅವರು ಡಿಪೋಗೆ ಹೊರಟ ಕೂಡಲೇ ಗೆರೆ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ.

ವ್ಯವಸ್ಥೆಯಲ್ಲಿ ಒಂದೇ ಒಂದು ಕುಂದು ಉಳಿದಿತ್ತು. ಒಲೆ ಎಡಗಡೆಯ ಮೂಲೆಯಲ್ಲಿತ್ತು. ಬಲಗಡೆಯವಳು ಏನು ಹುರಿಯಬೇಕಾದರೂ ಗಡಿ ದಾಟಲೇಬೇಕು. ಸಾಹೇಬರು ಭಾನುವಾರ ರಾತ್ರಿಯೆಲ್ಲ ನಿದ್ದೆಗೆಟ್ಟು ಯೋಚಿಸಿ, ಸೋಮವಾರ ಸಂಜೆ ಡಿಪೋ ಕ್ಯಾಂಟೀನಿನವರು ಮೂಲೆಗೆ ಹಾಕಿದ್ದ ಒಂಟಿ ಬರ್ನರಿನ ಒಲೆಯನ್ನು ಕೇಳಿ ಪಡೆದು, ಎದೆಗವಚಿಕೊಂಡು ಮನೆಗೆ ಬಂದರು.

ಅವರ ಮನೆಯಿದ್ದ ಕಟ್ಟಡದ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುವವರು ಕೆಳಮನೆಯ ಹೆಡ್‌ಮೇಡಂ. ಮೂವತ್ತು ವರ್ಷ ಶಾಲೆ ನಡೆಸಿ ನಿವೃತ್ತರಾದವರು. ಈಗ ಶಾಲೆ ಇಲ್ಲದ್ದರಿಂದ ಕಟ್ಟಡ ನಡೆಸುತ್ತಿದ್ದರು.

"ಏನ್ರೀ ಅದು?"

"ಒಲೆ ಮೇಡಂ."

"ಇರೋದು ಕೆಟ್ಟೋಯ್ತಾ?"

"ಇಲ್ಲ ಮೇಡಂ, ಅದು ಅಮ್ಮನಿಗೆ. ಇದು ನಮ್ಮನೆಯವಳಿಗೆ."

ಹೆಡ್‌ಮೇಡಂ ಸುಲಿಯುತ್ತಿದ್ದ ಬಟಾಣಿ ಕೈಯಿಂದ ಉರುಳಿತು. "ಅಂದ್ರೆ... ಬೇರೆ ಬೇರೆ?"

"ಇನ್ನೇನು ಮಾಡೋದು ಮೇಡಂ! ಇಬ್ರೂ ಒಂದೇ ಕಡೆ ಇದ್ರೆ ದಿನಾ ಡಿಕ್ಕಿ. ನಾನೂ ಕೂತು ನೋಡಿದೆ, ಲೆಕ್ಕ ಬರ್ದೆ, ಆಗಲ್ಲ ಅನ್ನಿಸ್ತು. ಮಧ್ಯೆ ಗೆರೆ ಹಾಕಿಬಿಟ್ಟೆ. ಈಗ ಮನೇಲಿ ಎಷ್ಟು ನಿಶ್ಶಬ್ದ ಅಂತೀರಾ!"

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸಾಹೇಬರು ಶಿಳ್ಳೆ ಹಾಕುತ್ತ ಮೆಟ್ಟಿಲು ಹತ್ತಿದರು. ಹೆಡ್‌ಮೇಡಂ ಬಟಾಣಿ ಬಿಟ್ಟು ಅವರ ಹಿಂದೆಯೇ ಸದ್ದಾಗದಂತೆ ಹತ್ತಿ, ಬಾಗಿಲ ಹೊರಗೆ ಎರಡು ನಿಮಿಷ ನಿಂತರು. ಒಳಗಿನಿಂದ "ಆ ಕಡೆಯವರೇ, ನಮ್ಮ ಚಾಕು ನಿಮ್ಮ ಕಡೆ ಬಂದಿದೆಯಂತೆ, ಕೊಟ್ಟುಬಿಡಿ," ಎಂದು ಸೊಸೆಯ ದನಿ ಕೇಳಿತು. ಹೆಡ್‌ಮೇಡಂ ನೆಟ್ಟಗೆ ಫೋನಿನ ಕಡೆ ನಡೆದರು. ಆರು ವರ್ಷದ ಹಿಂದೆ ಸಾಹೇಬರ ಅಕ್ಕ "ಏನಾದ್ರೂ ಇದ್ರೆ ತಿಳಿಸಿ ಮೇಡಂ" ಎಂದು ಫೋನ್ ನಂಬರು ಕೊಟ್ಟು ಹೋಗಿದ್ದಳು. ಆರು ವರ್ಷ ತಿಳಿಸಲು ಏನೂ ಇರಲಿಲ್ಲ ಎಂಬ ಕೊರಗು ಅವರಿಗೂ ಇತ್ತು.

"ಚಾಕು ತೆಗೆದಿದ್ದಾರಮ್ಮ," ಎಂದರು ಫೋನಿನಲ್ಲಿ, "ಇದಕ್ಕಿಂತ ಹೆಚ್ಚು ನನ್ನ ಬಾಯಲ್ಲಿ ಹೇಳಿಸಬೇಡ."

ಇತ್ತ ಸಾಹೇಬರಿಗೆ ಹೊಸ ತೊಡಕು. ಒಲೆ ಎರಡಾಯಿತು, ಸಿಲಿಂಡರು ಒಂದೇ. ಮಂಗಳವಾರ ಗ್ಯಾಸ್ ಕಚೇರಿಯಲ್ಲಿ ಸರತಿ ನಿಂತರು.

"ಒಂದು ಸಂಸಾರಕ್ಕೆ ಎರಡು ಕನೆಕ್ಷನ್ ಕೊಡಕ್ಕಾಗಲ್ಲ ಸಾರ್," ಎಂದ ಗುಮಾಸ್ತ. "ಮನೇಲಿ ಬೇರೆ ಬೇರೆ ಅಡುಗೆ ಆಗ್ತಿದ್ರೆ ಮಾತ್ರ."

"ಬೇರೆ ಬೇರೆನೇ ಆಗ್ತಿರೋದು!"

ಗುಮಾಸ್ತ ಫಾರಂ ಕೊಟ್ಟ. ಫಾರಂ ಕಂಡರೆ ಸಾಹೇಬರಿಗೆ ಹಬ್ಬದೂಟ ಕಂಡಂತೆ. ಒಂದು ಅಂಕಣ ಬಿಡದೆ ಮುತ್ತಿನಂಥ ಅಕ್ಷರದಲ್ಲಿ ತುಂಬಿದರು. 'ಪ್ರತ್ಯೇಕ ಅಡುಗೆಗೆ ಕಾರಣ' ಎಂಬಲ್ಲಿ ಹೀಗೆ ಬರೆದರು: 'ನನ್ನ ತಾಯಿಯೂ ಹೆಂಡತಿಯೂ ಒಂದೇ ಜಾಗದಲ್ಲಿ ಕೆಲಸ ಮಾಡುವುದು ಅಸಾಧ್ಯವೆಂದು ಸಾಬೀತಾಗಿರುವುದರಿಂದ, ಈ ಮೂಲಕ ತಾಯಿಯನ್ನು ಪ್ರತ್ಯೇಕಿಸಲಾಗಿದೆ.' ಬರೆದು ಇನ್ನೊಮ್ಮೆ ಓದಿ, ವ್ಯಾಕರಣ ಸರಿಯಿದೆ ಎಂದು ಸಂತೋಷಪಟ್ಟು ಸಹಿ ಹಾಕಿದರು.

ಗುಮಾಸ್ತನಿಗೆ ಅಯ್ಯೋ ಅನ್ನಿಸಿತು. "ಯಾವಾಗಿಂದ ಸಾರ್ ಹೀಗೆ?"

"ಮೊನ್ನೆ ಭಾನುವಾರದಿಂದ."

"ಪಾಪ, ಇನ್ನೂ ಹಸಿ ಹಸಿ."

"ಛೆ ಛೆ, ಪೂರ್ತಿ ಒಣಗಿದೆ. ಎರಡು ಕೋಟ್ ಹೊಡೆದಿದ್ದೀನಲ್ಲ!"

ಗುಮಾಸ್ತ ಫಾರಂ ತೆಗೆದಿಟ್ಟುಕೊಂಡ. ಇಂಥ ಕಲ್ಲುಹೃದಯದವರೂ ಇರುತ್ತಾರಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು, ಶನಿವಾರ ಬೆಳಿಗ್ಗೆ ಅಧಿಕಾರಿ ಮನೆಗೆ ಬಂದು ಪರಿಶೀಲನೆ ಮಾಡುತ್ತಾರೆ ಎಂದು ತಿಳಿಸಿದ. ಪರಿಶೀಲನೆ ಎಂಬ ಮಾತು ಕೇಳಿ ಸಾಹೇಬರು ಇನ್ನೊಂದು ಪ್ರಶಂಸಾಪತ್ರದ ಕನಸು ಕಾಣುತ್ತ ಮನೆಗೆ ಹೋದರು.

ಶನಿವಾರ ಬಂತು. ಪರಿಶೀಲನಾಧಿಕಾರಿ ತೆಳ್ಳಗೆ, ಸಣ್ಣ ದನಿಯವರು, ಬಗಲಲ್ಲಿ ಫೈಲು. ನಿಯಮದ ಪ್ರಕಾರ ಮೊದಲು ನೆರೆಯವರನ್ನು ವಿಚಾರಿಸಬೇಕು. ನೆರೆಯವರು ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಸಿದ್ಧವಾಗಿದ್ದರು. ಹೆಡ್‌ಮೇಡಂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಚಾಕುವಿನವರೆಗೆ ಹೇಳಿ ಮುಗಿಸುವಷ್ಟರಲ್ಲಿ ಸಾಮಾನು ಸಾಗಿಸುವ ಗಾಡಿಯೊಂದು ಬಂದು ನಿಂತಿತು. ಮುಂದಿನಿಂದ, ಗಾಡಿ ಸಿಗದೆ ಐದು ದಿನ ಚಡಪಡಿಸಿದ್ದ ಅಕ್ಕ ಧುಮುಕಿದಳು. ಹಿಂದಿನಿಂದ ಭಾವ ಹಗ್ಗದ ಸುರುಳಿ ಹಿಡಿದು ನಿಧಾನವಾಗಿ ಇಳಿದರು.

"ಎಲ್ಲಿ ಅವ್ನು? ಹೆತ್ತ ತಾಯಿಗೆ ಗೆರೆ ಎಳೆದವನು ಎಲ್ಲಿ?" ಎನ್ನುತ್ತ ಅಕ್ಕ ಮೆಟ್ಟಿಲು ಹತ್ತಿದಳು. ಅವಳ ಹಿಂದೆ ಅಧಿಕಾರಿ, ಅಧಿಕಾರಿಯ ಹಿಂದೆ ಹೆಡ್‌ಮೇಡಂ, ಕೊನೆಯಲ್ಲಿ ಹಗ್ಗ.

ಬಾಗಿಲು ತೆರೆದ ಸಾಹೇಬರು ಅಕ್ಕನ ಮುಖ ನೋಡಲೇ ಇಲ್ಲ. ಫೈಲು ಹಿಡಿದವರನ್ನು ಕಂಡು, "ಬನ್ನಿ ಸಾರ್, ಬನ್ನಿ, ಗೆರೆ ಈ ಕಡೆ," ಎಂದು ಎಲ್ಲರನ್ನೂ ಅಡುಗೆಮನೆಯ ಬಾಗಿಲಿಗೆ ಕರೆದೊಯ್ದರು.

ಒಳಗೆ ಅತ್ತೆ ಸೊಸೆ ಗೆರೆಯ ಮೇಲೇ ಮಣೆ ಹಾಕಿಕೊಂಡು, ತಲೆಗೆ ತಲೆ ತಾಗುವಂತೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಯಾವುದೋ ಮಾತಿಗೆ ಅಮ್ಮನಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂದಿತ್ತು.

"ನೋಡಿದ್ರಾ, ಅಳ್ತಿದ್ದಾರೆ!" ಎಂದರು ಹೆಡ್‌ಮೇಡಂ.

"ಅಮ್ಮಾ, ಏಳು, ನಿನ್ನ ಟ್ರಂಕು ಎಲ್ಲಿ?" ಎಂದಳು ಅಕ್ಕ. "ಸಾಕು ನೀನಿಲ್ಲಿ ಅನುಭವಿಸಿದ್ದು."

"ಏನೇ ಅನುಭವಿಸಿದೆ ನಾನು?" ಅಮ್ಮ ಕಕ್ಕಾಬಿಕ್ಕಿಯಾದರು.

ಅಧಿಕಾರಿ ಕೆಮ್ಮಿ, ಫೈಲು ಬಿಚ್ಚಿ, ಅರ್ಜಿಯನ್ನು ಓದಿದರು. ಸಣ್ಣ ದನಿಯಾದರೂ ಆ ಎಂಟಡಿಯ ಜಾಗದಲ್ಲಿ ಎಲ್ಲರಿಗೂ ಕೇಳಿಸಿತು. 'ಈ ಮೂಲಕ ತಾಯಿಯನ್ನು ಪ್ರತ್ಯೇಕಿಸಲಾಗಿದೆ' ಎಂಬಲ್ಲಿಗೆ ಬಂದಾಗ ಸೊಸೆಯ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು.

ಅಮ್ಮ ಕೈಯೊರೆಸಿಕೊಂಡು ಆ ಕಾಗದ ಇಸಿದುಕೊಂಡರು. ಹೊಸ ಕನ್ನಡಕ ಸರಿಮಾಡಿಕೊಂಡು ಓದಿದರು. ಅವರ ಮುಖದ ನಗು ಆರಿಹೋಯಿತು.

"ಇದು ನಿನ್ನ ಅಕ್ಷರ ಅಲ್ವೇನೋ?"

"ಹೌದಮ್ಮ, ಆದ್ರೆ ಅದು..." ಸಾಹೇಬರು ಬಾಯಿ ತೆರೆದರು. ತಾವು ಬರೆದದ್ದನ್ನು ಬೇರೆಯವರ ಬಾಯಲ್ಲಿ ಕೇಳಿದ್ದು ಅವರಿಗೆ ಇದೇ ಮೊದಲು. "ಅದು ಟೀ ವಿಷಯ ಅಮ್ಮ! ಹದಿನೇಳು ನಿಮಿಷ... ಜಾಲರಿ... ಇಪ್ಪತ್ತೊಂದು ಡಿಕ್ಕಿ..."

"ಟೀ ತಡ ಆಯ್ತು ಅಂತ ತಾಯಿನ ಹೊರಗೆ ಹಾಕ್ತಾರೇನೋ!" ಎಂದು ಅಕ್ಕ ಕಿರುಚಿದಳು.

"ಮೂವತ್ತು ವರ್ಷದಲ್ಲಿ ಇಂಥ ಹುಡುಗನ್ನ ನಾನು ನೋಡಿಲ್ಲ," ಎಂದರು ಹೆಡ್‌ಮೇಡಂ.

"ಯಾವುದು ಮೊದಲು ಹೇರ್ಲಿ?" ಎಂದರು ಭಾವ.

ಅಧಿಕಾರಿ ಮತ್ತೆ ಕೆಮ್ಮಿದರು. "ನೋಡಿ, ನನಗೆ ಬೇಕಾಗಿರೋದು ಒಂದೇ. ಅರ್ಜೀಲಿ ಬರೆದಿರೋದು ನಿಜಾನಾ, ಸುಳ್ಳಾ? ನಿಜ ಆದ್ರೆ ತಾಯಿಯವರದ್ದು ಬೇರೆ ಸಂಸಾರ, ಎರಡನೇ ಕನೆಕ್ಷನ್ ಕೊಡ್ತೀನಿ. ಸುಳ್ಳಾದ್ರೆ ಇರೋ ಒಂದನ್ನೂ ಬಿಚ್ಚಿಕೊಂಡು ಹೋಗ್ಬೇಕಾಗುತ್ತೆ. ಸುಳ್ಳು ಅರ್ಜಿಗೆ ನಿಯಮ ಅದೇ."

"ನಿಜ ಅಂತ ಹೇಳೋ," ಎಂದಳು ಅಕ್ಕ. "ನಾನು ಅಮ್ಮನ್ನ ಕರ್ಕೊಂಡು ಹೋಗ್ತೀನಿ, ನಿನಗೆ ಎರಡು ಒಲೆ ಸಿಗುತ್ತೆ. ಸುಖವಾಗಿರು."

ಸಾಹೇಬರು ಒಮ್ಮೆ ಒಲೆ ನೋಡಿದರು, ಒಮ್ಮೆ ಅಮ್ಮನನ್ನು ನೋಡಿದರು. ಹದಿನೆಂಟು ವರ್ಷದ ನೌಕರಿಯಲ್ಲಿ ತಾವು ಸಹಿ ಹಾಕಿದ ಒಂದು ಕಾಗದವನ್ನೂ ಸುಳ್ಳು ಎಂದವರಲ್ಲ ಅವರು.

"ಸುಳ್ಳು ಸಾರ್. ಪೂರ್ತಿ ಸುಳ್ಳು. ಒಲೆ ಬಿಚ್ಚಿಕೊಂಡು ಹೋಗಿ, ಸಿಲಿಂಡರೂ ತಗೊಂಡು ಹೋಗಿ. ಬೇಕಾದ್ರೆ ಪ್ರಶಂಸಾಪತ್ರಾನೂ ಕೊಡ್ತೀನಿ. ನಾವು ಹಸಿ ತರಕಾರಿ ತಿಂದ್ಕೊಂಡಿರ್ತೀವಿ. ಅಮ್ಮ ಮಾತ್ರ ಇಲ್ಲೇ ಇರ್ಬೇಕು. ಅವಳಿಲ್ದೆ ನನಗೆ ಊಟ ಇಳಿಯಲ್ಲ ಸಾರ್." ಹೇಳುತ್ತ ಹೇಳುತ್ತ ಚೀಟಿ ಸಾಹೇಬರು ಎಲ್ಲರ ಮುಂದೆ ಗಳಗಳ ಅತ್ತುಬಿಟ್ಟರು.

ಹೆಡ್‌ಮೇಡಂ ಸೆರಗನ್ನು ಈ ಸಲ ನಿಜವಾಗಿ ಕಣ್ಣಿಗೆ ಒತ್ತಿಕೊಂಡರು. ಅಮ್ಮನ ಕಣ್ಣೂ ತುಂಬಿತ್ತು. ಆದರೆ ಅವರು ಮಗನನ್ನು ನೋಡಲಿಲ್ಲ, ಸೊಸೆಯನ್ನು ನೋಡಿದರು. ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ಕೈ ಚಾಚಿದರು, ಸೊಸೆ ಪೆನ್ನು ತಂದು ಆ ಕೈಗಿಟ್ಟಳು.

"ಬಿಚ್ಚಬೇಡಿ ಸಾರ್," ಎಂದರು ಅಮ್ಮ. "ನನ್ನ ಮಗ ಸುಳ್ಳು ಬರೆಯೋನಲ್ಲ. ಈ ಮನೇಲಿ ಎರಡು ಸಂಸಾರ ಇರೋದು ನಿಜ. ಹೆಸರು ಮಾತ್ರ ಅದಲು ಬದಲಾಗಿದೆ, ನಾನು ತಿದ್ದಿಕೊಡ್ತೀನಿ. ನಾನು, ನನ್ನ ಸೊಸೆ ಒಂದು ಸಂಸಾರ. ಇವನದು ಇನ್ನೊಂದು."

"ಅಮ್ಮಾ!" ಎಂದರು ಸಾಹೇಬರು.

"ಹೌದು ಸಾರ್," ಎಂದಳು ಹೆಂಡತಿ. "ಆ ಒಲೆ ತಂದಿದ್ದೂ ಅವರೇ. ನಾವ್ಯಾರೂ ಕೇಳಿರ್ಲಿಲ್ಲ."

ಅಧಿಕಾರಿ ತಲೆ ಕೆರೆದುಕೊಂಡರು. "ಇವರಿಗೆ ಅಡುಗೆ ಬರುತ್ತಾ?"

"ಅದಕ್ಕೆ ನಿಮ್ಮ ಫಾರಮ್ಮಲ್ಲಿ ಜಾಗ ಇದೆಯಾ?" ಎಂದರು ಅಮ್ಮ.

ಅಧಿಕಾರಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಇರಲಿಲ್ಲ. ನಿಯಮ ನಿಯಮವೇ. ಕುಟುಂಬದ ಮುಖ್ಯಸ್ಥ: ಸಾಹೇಬರು. ಸದಸ್ಯರು: ಒಬ್ಬರು. ಅಡುಗೆ: ಪ್ರತ್ಯೇಕ. ಮುದ್ರೆ ಬಿತ್ತು. ಸಿಲಿಂಡರು ಸೋಮವಾರ ಬರುತ್ತದೆ ಎಂದು ಹೇಳಿ ಅವರು ಹೊರಡುವಷ್ಟರಲ್ಲಿ ಈರುಳ್ಳಿ ಹುರಿಯುವ ಘಮ ಅವರನ್ನು ಹಿಡಿದು ಕೂರಿಸಿತು.

"ಎಲ್ಲರೂ ಊಟ ಮಾಡ್ಕೊಂಡೇ ಹೋಗ್ಬೇಕು," ಎಂದರು ಅಮ್ಮ. ಅಕ್ಕ ಇನ್ನೂ ಗುಟುರು ಹಾಕುತ್ತಿದ್ದಳು. ಅಮ್ಮ ಅವಳ ಕೈಗೆ ತರಕಾರಿ ಕೊಟ್ಟು, "ನಿನಗೆ ಬೇಕಾಗಿರೋದು ನಾನಲ್ಲ, ಮಾತಾಡೋಕೆ ಜನ. ವಾರಕ್ಕೆರಡು ಸಲ ಬಾ, ಇಲ್ಲಿ ಕೂತ್ಕೋ, ಆ ಸೋಫಾ ವಿಷಯ ಹೇಳ್ತೀನಿ," ಎಂದರು. ಐದು ನಿಮಿಷದಲ್ಲಿ ಆ ಅಡುಗೆಮನೆಯಲ್ಲಿ ನಾಲ್ಕು ಜನ ಹೆಂಗಸರು ಇದ್ದರು. ಹೇಗೆ ಹಿಡಿಸಿದರು ಎಂಬುದು ಇಂದಿಗೂ ಉಗ್ರಾಣಶಾಸ್ತ್ರಕ್ಕೆ ನಿಲುಕದ ವಿಷಯ. ಭಾವ ಹಗ್ಗವನ್ನು ತಲೆದಿಂಬು ಮಾಡಿಕೊಂಡು ನಡುಮನೆಯಲ್ಲಿ ಮಲಗಿಬಿಟ್ಟರು.

ತಟ್ಟೆಗಳು ಬಿದ್ದವು. ಸಾಹೇಬರು ಮಾತ್ರ ಬಾಗಿಲಲ್ಲಿ ಒಂಟಿ ಬರ್ನರಿನ ಪಕ್ಕ ಕೈಕಟ್ಟಿ ನಿಂತಿದ್ದರು. ಬೆಂಕಿಯಿಲ್ಲ, ಪಾತ್ರೆಯಿಲ್ಲ, ಹೊಟ್ಟೆ ಮಾತ್ರ ತಾಳ ಹಾಕುತ್ತಿತ್ತು.

"ಪಾಪ, ಪಕ್ಕದ ಮನೆಯವರಿಗೆ ಸೋಮವಾರದವರೆಗೆ ಗ್ಯಾಸಿಲ್ಲವಂತೆ ಕಣಮ್ಮ," ಎಂದರು ಅಮ್ಮ ಸೊಸೆಗೆ. "ಅವರನ್ನೂ ಕರಿ."

"ಬನ್ನಿ ಪಕ್ಕದ ಮನೆಯವರೇ, ಸಂಕೋಚ ಪಟ್ಕೊಬೇಡಿ," ಎಂದು ಹೆಂಡತಿ ತಟ್ಟೆ ಇಟ್ಟಳು. ಸಾಹೇಬರು ಗೆರೆ ತುಳಿದುಕೊಂಡೇ ಬಂದು ಅಮ್ಮನ ಪಕ್ಕ ಕೂತರು. ಅಮ್ಮ ಅವರ ತಲೆ ಸವರಿ ಅನ್ನ ಬಡಿಸಿದರು. ಎರಡನೇ ಸಲ ಬಡಿಸಿದರು, ಮೂರನೇ ಸಲವೂ ಬಡಿಸಿದರು. ಅಮ್ಮ ಎಲ್ಲಿಗೂ ಹೋಗುವುದಿಲ್ಲ ಎಂಬ ಸಮಾಧಾನದಲ್ಲಿ ಸಾಹೇಬರಿಗೆ ಜಗತ್ತೆಲ್ಲ ಸರಿಯಾದ ಜಾಗದಲ್ಲಿ ಇರುವಂತೆ ಕಂಡಿತು. ಕೈ ತೊಳೆದು ತೃಪ್ತಿಯಿಂದ ತೇಗಿದರು.

"ಊಟ ಹಿಡಿಸ್ತಾ?" ಎಂದರು ಅಮ್ಮ.

"ಅಮೃತ ಅಮ್ಮ."

"ಸರಿ. ಇವತ್ತು ನೀವು ನಮ್ಮನೇಲಿ ಉಂಡಿದ್ದೀರಿ. ಸೋಮವಾರ ನಿಮಗೆ ಗ್ಯಾಸ್ ಬರುತ್ತೆ. ಮುಂದಿನ ಭಾನುವಾರ ನಿಮ್ಮನೇಲಿ ನಮಗೆ ಊಟ. ನಾವಿಬ್ರು, ಇವಳು, ಇವಳ ಯಜಮಾನರು, ಮೇಡಂ, ಈ ಸಾರ್, ಒಟ್ಟು ಆರು ಜನ. ಎಷ್ಟು ಹೊತ್ತಿಗೆ ಬರೋಣ?"

ಸಾಹೇಬರು ಅಮ್ಮನ ಮುಖದಲ್ಲಿ ತಮಾಷೆಯ ಸುಳಿವಿಗಾಗಿ ಹುಡುಕಿದರು. ಹೆಂಡತಿಯ ಮುಖದಲ್ಲಿ ಹುಡುಕಿದರು. ಎಲ್ಲೂ ಸಿಗಲಿಲ್ಲ. ಕೊನೆಗೆ ದಿಕ್ಕು ತೋಚದೆ ಅಧಿಕಾರಿಯ ಕಡೆ ತಿರುಗಿದರು.

ಅಧಿಕಾರಿ ತಟ್ಟೆಯ ಕೊನೆಯ ತುತ್ತು ಮುಗಿಸಿ, ಸಣ್ಣ ದನಿಯಲ್ಲಿ, ಬಹಳ ವಿನಯದಿಂದ ಹೇಳಿದರು:

"ನನಗೆ ಖಾರ ಸ್ವಲ್ಪ ಕಡಿಮೆ ಇರಲಿ ಸಾರ್."